ಬಡಾವಣೆಯ ಸಂಘಕ್ಕೆ ಅಂಗಡಿಯವರು ನಿಲ್ಲಬಹುದೆ?

ಪಟ್ಟಣವಾಸಿಗಳಾದ ನಮ್ಮ ವಾಚಕರಿಗೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವೆಂಬುದು ಅಪರಿಚಿತವಲ್ಲ. ನೀರು, ದೀಪ, ಕಸ, ಉದ್ಯಾನ, ರಾತ್ರಿಯ ಕಾವಲು ಇವುಗಳ ಸಲುವಾಗಿ ನೆರೆಹೊರೆಯವರು ಕೂಡಿ ಕಟ್ಟಿಕೊಂಡ ಈ ಸಂಘಗಳು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯನ್ನು ಕರೆಯುವುದೂ, ಗೊತ್ತಾದ ಅವಧಿಗೊಮ್ಮೆ ಕಾರ್ಯಕಾರಿ ಸಮಿತಿಯನ್ನು ಚುನಾಯಿಸುವುದೂ ವಾಡಿಕೆ. ಅಂತಹ ಚುನಾವಣೆಗೆ ಬೀದಿಯ ಮೂಲೆಯ ದಿನಸಿ ಅಂಗಡಿಯವರೊಬ್ಬರು ಉಮೇದುವಾರರಾಗಿ ನಿಂತರೆಂದರೆ ಮನೆಮನೆಯಲ್ಲಿಯೂ ಎರಡು ಮಾತು ಹುಟ್ಟುತ್ತವೆ. ಬೆಳಗಿನಿಂದ ರಾತ್ರಿಯವರೆಗೆ ಬೀದಿಯಲ್ಲಿಯೇ ಇರುವ ಇವರಿಗಿಂತ ಬೀದಿಯ ಕಷ್ಟವನ್ನು ಬಲ್ಲವರು ಯಾರೆಂದು ಒಬ್ಬರು ಕೇಳುವರು. ವ್ಯಾಪಾರಿಯು ಲಾಭವಿಲ್ಲದೆ ಹೆಜ್ಜೆಯಿಡುವನೆ, ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರೆಂದು ಮತ್ತೊಬ್ಬರು ಹೇಳುವರು. ಈ ಎರಡು ಮಾತುಗಳಲ್ಲಿ ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಊರಿನ ಆಡಳಿತದಲ್ಲಿ ವರ್ತಕರು ಕೈಗೂಡಿಸುವುದು ನಮ್ಮ ನಾಡಿಗೆ ಹೊಸತಲ್ಲ. ನಮ್ಮ ಶಾಸನಗಳಲ್ಲಿ ಪಟ್ಟಣಸ್ವಾಮಿಯೆಂಬ ಪದವಿಯು ಮತ್ತೆ ಮತ್ತೆ ಕಾಣಬರುತ್ತದೆ. ಅದು ಪೇಟೆಯ ವರ್ತಕರ ಮುಖಂಡನಿಗೆ ಸಲ್ಲುತ್ತಿದ್ದ ಹೆಸರು. 11ನೆಯ ಶತಮಾನದಲ್ಲಿ ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯು ಬಸದಿಯನ್ನು ಕಟ್ಟಿಸಿದುದಲ್ಲದೆ ಕೆರೆಗಳನ್ನೂ ತೋಡಿಸಿದನೆಂದು ಅಲ್ಲಿಯ ಶಾಸನಗಳಿಂದ ತಿಳಿದುಬರುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿದರೆನ್ನುವ ಬೆಂಗಳೂರಿನ ಹಳೆಯ ಭಾಗದಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ ಎಂಬ ಹೆಸರುಗಳೇ ವ್ಯಾಪಾರವನ್ನು ಸಾರುತ್ತವೆ. ಅಂಗಡಿಯನ್ನೂ ಊರನ್ನೂ ಬೇರೆಬೇರೆಯಾಗಿ ನೋಡುವ ದೃಷ್ಟಿಯೇ ಈಚಿನದು. ಆದುದರಿಂದ ವ್ಯಾಪಾರಿಯೆಂಬ ಒಂದೇ ಕಾರಣಕ್ಕಾಗಿ ಯಾರನ್ನೂ ಸಮಿತಿಯಿಂದ ದೂರವಿಡುವುದು ನ್ಯಾಯವಲ್ಲವೆಂದು ನಾವು ತಿಳಿಯುತ್ತೇವೆ.

ಆದರೆ ಇಲ್ಲಿ ಒಂದು ತೊಡಕುಂಟು. ಅದನ್ನು ಪುರುಷರಿಗಿಂತ ಮನೆಯ ಲೆಕ್ಕವಿಡುವ ಸೋದರಿಯರೇ ಬೇಗ ಅರಿಯಬಲ್ಲರು. ದಿನಸಿ ಅಂಗಡಿಯಲ್ಲಿ ಉದ್ದರಿಯ ಪುಸ್ತಕವೊಂದಿರುತ್ತದೆ. ತಿಂಗಳ ಕೊನೆಯಲ್ಲಿ ಸಂಬಳ ಬರುವವರೆಗೆ ಅಕ್ಕಿಬೇಳೆಗಳನ್ನು ಕಡವಾಗಿ ತಂದ ಮನೆಗಳ ಹೆಸರು ಅದರಲ್ಲಿರುತ್ತವೆ. ಸಭೆಯಲ್ಲಿ ಕೈಯೆತ್ತಿಸಿ ಮತ ಕೇಳಿದರೆ, ಆ ಪುಸ್ತಕದಲ್ಲಿ ಹೆಸರಿರುವ ಗೃಹಸ್ಥನು ಅಂಗಡಿಯವರ ಎದುರಿಗೇ ಅವರಿಗೆ ವಿರೋಧವಾಗಿ ಕೈಯೆತ್ತುವನೆ? ಇತ್ತ ಅಂಗಡಿಯವರ ಪಾಡೂ ಕಷ್ಟವೇ. ಯಾವ ಪಕ್ಷವನ್ನು ಹಿಡಿದರೂ ಮರುದಿನ ನಾಲ್ಕು ಮನೆಯವರು ಬೇರೆ ಅಂಗಡಿಗೆ ಹೋಗುವರು. ಗುಟ್ಟಾದ ಚೀಟಿಯ ಮತವೊಂದೇ ಇಬ್ಬರನ್ನೂ ಕಾಯತಕ್ಕದ್ದು. ಬಲ್ಲವರೆಲ್ಲ ನೆರೆಯವರೇ, ನಮ್ಮೊಳಗೆ ಗುಟ್ಟೇತಕ್ಕೆ ಎಂಬ ಮಾತು ಕೇಳಲು ಇಂಪಾಗಿದ್ದರೂ, ನೆರೆಯವರಾದುದರಿಂದಲೇ ಗುಟ್ಟು ಹೆಚ್ಚು ಅವಶ್ಯಕ.

ಎರಡನೆಯ ತೊಡಕು ತಳ್ಳುಗಾಡಿಯವರದು. ಬಡಾವಣೆಯ ಮೂಲೆಯಲ್ಲಿ ಹೂವು, ಸೊಪ್ಪು, ಹಣ್ಣುಗಳನ್ನು ಮಾರುವ ಹೆಂಗಸು ಅಂಗಡಿಯವರಿಗೆ ಒಂದು ಬಗೆಯಲ್ಲಿ ಪ್ರತಿಸ್ಪರ್ಧಿ. ಕಾಲುದಾರಿಯನ್ನು ತೆರವು ಮಾಡಿಸಬೇಕೆಂದು ಸಮಿತಿಯಲ್ಲಿ ಹೊಸ ಸದಸ್ಯರು ಸೂಚಿಸಿದಾಗ, ಅದು ನಡೆಯುವವರ ಹಿತಕ್ಕೋ ತಮ್ಮ ಗಲ್ಲಾಪೆಟ್ಟಿಗೆಯ ಹಿತಕ್ಕೋ ಎಂದು ಕೇಳುವ ಹಕ್ಕು ಎಲ್ಲರಿಗೂ ಉಂಟು. ತಮ್ಮ ಅಂಗಡಿಯ ಮುಂದೆಯೇ ಮೂಟೆಗಳನ್ನೂ ಡಬ್ಬಗಳನ್ನೂ ಕಾಲುದಾರಿಗೆ ಚಾಚಿದವರು ಹಾಗೆ ಸೂಚಿಸಿದರಂತೂ ಉತ್ತರವು ತಾನಾಗಿಯೇ ತೋರುವುದು. ಇದಲ್ಲದೆ, ಬೀದಿಬದಿಯ ವ್ಯಾಪಾರಿಗಳನ್ನು ಎಬ್ಬಿಸುವ ಅಧಿಕಾರವು ಬಡಾವಣೆಯ ಸಂಘಕ್ಕೆ ಇಲ್ಲವೇ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾನೂನು ಆ ವಿಚಾರಕ್ಕಾಗಿ ಪಟ್ಟಣ ವ್ಯಾಪಾರ ಸಮಿತಿಯನ್ನು ಏರ್ಪಡಿಸಿದೆ. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಮಂದಿ ಬೀದಿಬದಿಯ ವ್ಯಾಪಾರಿಗಳೇ ಆಗಿರತಕ್ಕದ್ದೆಂದೂ, ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಿರತಕ್ಕದ್ದೆಂದೂ ವಿಧಿಸಿದೆ.

ಸಂಘದ ಅಧಿಕಾರದ ಎಲ್ಲೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಇಂತಹ ಸಂಘಗಳಲ್ಲಿ ಅನೇಕವು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಮೇರೆಗೆ ನೋಂದಾಯಿತವಾದವು. ಏಳು ಮಂದಿ ಕೂಡಿದರೆ ಸಂಘವೊಂದನ್ನು ನೋಂದಾಯಿಸಬಹುದು. ಅದು ಚಂದಾ ಎತ್ತಬಹುದೇ ಹೊರತು ಕಂದಾಯ ವಿಧಿಸಲಾರದು. ಆದರೂ ಬೆಂಗಳೂರಿನಲ್ಲಿ ಈ ಸಂಘಗಳ ಮೇಲೆ ಬಿದ್ದ ಹೊರೆ ದೊಡ್ಡದು. ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ 2015ರಲ್ಲಿ ಚುನಾಯಿತರಾದ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ವರ್ಷಗಟ್ಟಲೆ ಹೊಸ ಚುನಾವಣೆ ನಡೆಯಲಿಲ್ಲ. ಆ ಕಾಲದಲ್ಲಿ ಮೋರಿ ಕಟ್ಟಿಕೊಂಡರೂ ದೀಪ ಉರಿಯದಿದ್ದರೂ ಜನರು ಸಂಘದ ಬಾಗಿಲನ್ನೇ ತಟ್ಟಿದರು. ಹೀಗೆ ಕಾನೂನು ಕೊಡದ ಪ್ರತಿಷ್ಠೆಯನ್ನು ಕಾಲವು ಕೊಟ್ಟಾಗ, ಸಮಿತಿಯಲ್ಲಿ ಕುಳಿತುಕೊಳ್ಳುವವರು ಯಾರೆಂಬುದು ಕ್ಷುಲ್ಲಕವಾದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹಾಗಾದರೆ ಅಂಗಡಿಯವರು ನಿಲ್ಲಬಹುದೆ? ಧಾರಾಳವಾಗಿ ನಿಲ್ಲಲಿ, ಆದರೆ ಮೊದಲು ಕೆಲವು ಮಾತುಗಳನ್ನು ಬಾಯಿಬಿಟ್ಟು ಹೇಳಲಿ. ತಮ್ಮ ವ್ಯಾಪಾರವೇನು, ಸಂಘಕ್ಕೆ ತಾವಾಗಲಿ ತಮ್ಮ ಬಂಧುಗಳಾಗಲಿ ಸರಕು ಒದಗಿಸುತ್ತಿರುವರೆ ಎಂಬುದನ್ನು ಚುನಾವಣೆಗೆ ಮುಂಚೆ ಬರೆದುಕೊಡಲಿ. ತಮ್ಮ ಲಾಭನಷ್ಟಕ್ಕೆ ತಗುಲುವ ವಿಷಯವು ಚರ್ಚೆಗೆ ಬಂದಾಗ ಸಭೆಯಿಂದೆದ್ದು ಹೊರಗೆ ಹೋಗಲಿ. ಹಾಗೆ ಹೋದುದು ನಡಾವಳಿಯ ಪುಸ್ತಕದಲ್ಲಿ ದಾಖಲಾಗಲಿ. ಗಣೇಶೋತ್ಸವಕ್ಕೆ ಬೇಕಾದ ಸಕ್ಕರೆಯೇ ಆಗಲಿ, ಕಾವಲುಗಾರನ ಕೋಲೇ ಆಗಲಿ, ಮೂರು ಕಡೆಯ ದರವನ್ನು ತರಿಸಿ ನೋಡಿದ ಮೇಲೆಯೇ ಕೊಳ್ಳಲಿ. ಹಣವನ್ನು ತೆಗೆಯಲು ಇಬ್ಬರ ರುಜುವಿರಲಿ, ತಿಂಗಳ ಜಮಾಖರ್ಚು ಎಲ್ಲರ ಕಣ್ಣಿಗೂ ಬೀಳುವಂತೆ ಹಲಗೆಯ ಮೇಲೆ ಅಂಟಲಿ. ಇವು ಅಂಗಡಿಯವರಿಗೆ ಮಾತ್ರ ಹೇಳಿದ ನಿಯಮಗಳೆಂದು ಯಾರೂ ತಿಳಿಯಬಾರದು. ಅಳಿಯನಿಗೆ ಬಣ್ಣ ಬಳಿಯುವ ಗುತ್ತಿಗೆಯನ್ನು ಕೊಡಿಸುವ ನಿವೃತ್ತ ಅಧಿಕಾರಿಗೂ ಇವು ಅಷ್ಟೇ ಸಲ್ಲತಕ್ಕವು.

ಕಡೆಯದಾಗಿ ಗೃಹಿಣಿಯರಿಗೊಂದು ಮಾತು. ಅನೇಕ ಸಂಘಗಳಲ್ಲಿ ಮನೆಗೊಂದೇ ಮತ. ಅದೂ ಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೆ. ನೀರು ಯಾವ ಹೊತ್ತಿಗೆ ಬರುವುದು, ಕಸದ ಗಾಡಿ ಯಾವ ದಿನ ತಪ್ಪಿತು, ಯಾವ ಅಂಗಡಿಯಲ್ಲಿ ತೂಕ ಸರಿಯಾಗಿದೆ ಎಂಬುದೆಲ್ಲವನ್ನೂ ಬಲ್ಲವಳು ಮನೆಯಾಕೆ. ಮತದ ಚೀಟಿ ಹಿಡಿಯುವವರು ಯಜಮಾನರು. ಬಾಡಿಗೆಗೆ ಇರುವವರ ಮನೆಯಲ್ಲಿಯಂತೂ ಇಬ್ಬರಿಗೂ ಚೀಟಿ ದೊರೆಯದಿರುವುದುಂಟು. ಸಂಘದ ನಿಯಮಾವಳಿಯನ್ನು ಸರ್ವಸದಸ್ಯರ ಸಭೆಯಲ್ಲಿ ತಿದ್ದಲು ದಾರಿಯುಂಟಷ್ಟೆ. ಈ ಲೋಪವನ್ನು ತಿದ್ದುವೆನೆಂದು ಯಾವ ಉಮೇದುವಾರರು ಮುಂದಾಗಿ ಹೇಳುವರೋ, ಅವರು ಅಂಗಡಿಯವರಾದರೂ ಸರಿಯೆ, ಕಚೇರಿಯವರಾದರೂ ಸರಿಯೆ, ಅವರ ಮಾತನ್ನು ಮೊದಲು ಕೇಳಿರಿ. ಅದುವರೆಗೆ ಚುನಾವಣೆಯ ಹಿಂದಿನ ರಾತ್ರಿ ಊಟಕ್ಕೆ ಬಡಿಸುವಾಗ ಈ ವಿಚಾರವನ್ನು ಎತ್ತುವುದರಿಂದ ಯಾವ ನಿಯಮಾವಳಿಯೂ ನಿಮ್ಮನ್ನು ತಡೆಯಲಾರದು. ಹತ್ತು ಜನರ ಕಡ್ಡಿ ಒಬ್ಬನ ಹೊರೆಯೆಂಬುದನ್ನು ಹಿರಿಯರು ಹೇಳಿದ್ದಾರೆ. ಆ ಹೊರೆಯನ್ನು ಹೊರಲು ಮುಂದೆ ಬಂದವರ ಹೆಗಲನ್ನು ಹಂಗಿಸುವುದು ಬೇಡ. ಕಡ್ಡಿಗಳನ್ನು ಎಣಿಸಿ ಕೊಟ್ಟು, ಎಣಿಸಿಯೇ ಹಿಂದಕ್ಕೆ ತೆಗೆದುಕೊಳ್ಳೋಣ.