ಹೆಸರೊಂದು, ಗುಣ ಹಲವು

ವರದಾ ನದಿಯ ದಂಡೆಯ ಹೊಸರಿತ್ತಿಯಂತಹ ಊರುಗಳಲ್ಲಿ ‘ಪ್ಲಾಸ್ಟಿಕ್’ ಎಂದೊಡನೆ ನೆನಪಾಗುವುದು ಬೇಲಿಗೆ ಸಿಕ್ಕಿಕೊಂಡ ಹರಕು ಚೀಲ. ಅದನ್ನು ತಿಂದು ದನಗಳು ಪ್ರಾಣ ಬಿಡುವುದುಂಟು. ಕರ್ನಾಟಕ ಸರ್ಕಾರವು 2016ರಲ್ಲಿ ಅಂತಹ ಚೀಲಗಳನ್ನು ನಿಷೇಧಿಸಿದುದು ಯೋಗ್ಯವೇ ಸರಿ. ಆದರೆ ಚೀಲದ ಮೇಲಿನ ಸಿಟ್ಟನ್ನು ಆ ಹೆಸರಿನ ಕುಲಕ್ಕೆಲ್ಲ ಹರಡುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಆ ಕುಲದಲ್ಲಿ ‘ಪಾಲಿ ಈಥರ್ ಈಥರ್ ಕೀಟೋನ್’ ಎಂಬುದೊಂದಿದೆ. ಬಾಯಿ ತುಂಬುವ ಈ ಹೆಸರನ್ನು ಯಂತ್ರಶಿಲ್ಪಿಗಳು ‘ಪೀಕ್’ ಎಂದು ಮೊಟಕುಗೊಳಿಸಿದ್ದಾರೆ. 1978ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ರೂಪಿಸಿದರು. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ, ಸೀಸವು 327 ಡಿಗ್ರಿಯಲ್ಲಿ ಕರಗುತ್ತದೆ. ಪೀಕ್ ಕರಗಬೇಕಾದರೆ 343 ಡಿಗ್ರಿ ಬೇಕು! ಸುಮಾರು 250 ಡಿಗ್ರಿಯ ಶಾಖದಲ್ಲಿ ಬಹುಕಾಲ ದುಡಿದರೂ ಅದು ಕೆಡದು. ಇದಕ್ಕೆ ಕಾರಣ ಅದರ ಅಣುವಿನ ರಚನೆ. ಆರಾರು ಇಂಗಾಲದ ಪರಮಾಣುಗಳಿಂದಾದ ಗಟ್ಟಿ ಉಂಗುರಗಳು ಉದ್ದನೆಯ ಸರಪಳಿಯಾಗಿ ಹೆಣೆದುಕೊಂಡಿವೆ; ನಡುವಣ ಆಮ್ಲಜನಕದ ಕೊಂಡಿಗಳು ಆ ಸರಪಳಿಗೆ ತುಸು ಬಾಗುವ ಗುಣವನ್ನು ಕೊಟ್ಟಿವೆ. ಅದೇ ಗಾತ್ರದ ಉಕ್ಕು ಇದಕ್ಕಿಂತ ಆರು ಪಟ್ಟು ಭಾರ. ನೀರು, ಎಣ್ಣೆಗಳು ಇದನ್ನು ಬಾಧಿಸವು. ಆದರೆ ಪ್ರಬಲ ಗಂಧಕಾಮ್ಲಕ್ಕೆ ಇದು ಸೋಲುತ್ತದೆ.

ಆದುದರಿಂದಲೇ ವಿಮಾನದ ಭಾಗಗಳಲ್ಲಿಯೂ ಯಂತ್ರಗಳ ಬೇರಿಂಗುಗಳಲ್ಲಿಯೂ ಇದು ಲೋಹದ ಸ್ಥಾನವನ್ನು ಪಡೆದಿದೆ. ಶಸ್ತ್ರವೈದ್ಯರು ಬೆನ್ನೆಲುಬಿನ ಮಣಿಗಳ ನಡುವೆ ಇದರ ತುಂಡನ್ನು ಕೂರಿಸುತ್ತಾರೆ. ಕ್ಷ-ಕಿರಣಗಳು ಇದರ ಮೂಲಕ ಹಾಯ್ದುಹೋಗುವುದರಿಂದ ಎಲುಬು ಕೂಡಿಕೊಂಡಿತೋ ಇಲ್ಲವೋ ಎಂಬುದು ಚಿತ್ರದಲ್ಲಿ ತಿಳಿಯುತ್ತದೆ. ಲೋಹದ ತುಂಡಾದರೆ ಆ ನೋಟವನ್ನು ಮರೆಮಾಡುತ್ತದೆ.

ಹಾಗೆಂದು ಎಲ್ಲೆಡೆಯೂ ಇದನ್ನೇ ಬಳಸಬೇಕೆನ್ನುವುದು ಅವಿವೇಕ. ಇದರ ಬೆಲೆ ನೈಲಾನಿಗಿಂತ ಎಷ್ಟೋ ಪಟ್ಟು ಹೆಚ್ಚು. ಚಕ್ಕಡಿಯ ಅಚ್ಚಿಗೆ ಕಬ್ಬಿಣ, ಕೀಲೆಣ್ಣೆ ಸಾಕು. ಬ್ಯಾಡಗಿ ಮೆಣಸಿನಕಾಯಿಯ ಹೊಲಕ್ಕೆ ಹನಿಹನಿಯಾಗಿ ನೀರುಣಿಸುವ ಕೊಳವೆಗೆ ಪಾಲಿಥೀನ್ ಸಾಕು. ಬೇಲಿಯ ಮೇಲೆ ಕಸವಾದ ಚೀಲವೂ ಅದೇ ಪಾಲಿಥೀನಿನ ಬಳಗದ್ದು. ಹೊಲದಲ್ಲಿ ಅದೇ ವಸ್ತು ವರ್ಷಗಟ್ಟಲೆ ದುಡಿಯುತ್ತದೆ.

ಪೀಕ್ ಮಣ್ಣಿನಲ್ಲಿ ಕೊಳೆಯುವ ವಸ್ತುವಲ್ಲ, ನಿಜ. ಆದರೆ ಬೇಕಲೈಟಿನಂತೆ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗದ ಜಾತಿಯದೂ ಅಲ್ಲ. ಸವೆದ ತುಂಡನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಬಹುದು. ತೊಡಕಿರುವುದು ಗುಜರಿ ಅಂಗಡಿಯಲ್ಲಿ. ಅಲ್ಲಿ ಈ ತುಂಡಿಗೂ ಒಡೆದ ಕೊಡಕ್ಕೂ ಒಂದೇ ತಕ್ಕಡಿ, ಒಂದೇ ದರ. ಪ್ರತಿಯೊಂದು ಬಿಡಿಭಾಗದ ಮೇಲೂ ಅದು ಯಾವ ವಸ್ತುವಿನದೆಂದು ತಯಾರಕರು ಅಚ್ಚೊತ್ತಲೇಬೇಕೆಂದು ಕಾನೂನು ವಿಧಿಸಿದರೆ, ಅಕ್ಷರ ಬಲ್ಲ ಯಾರಾದರೂ ಅವನ್ನು ಬೇರ್ಪಡಿಸಿಯಾರು.