ಹಣೆಪಟ್ಟಿಯಿಂದ ಕಾರ್ಯಕ್ರಮ ಶುದ್ಧವಾಗದು

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಮನ-ವಚನ-ಕಾಯಗಳಿಂದ ಪಾಪವನ್ನು ಕಟ್ಟಿಕೊಳ್ಳುವುದೇ ಅನರ್ಥದಂಡ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ವಿಂಗಡಿಸಿದ್ದಾರೆ. ಕೊಲ್ಲಲಿಲ್ಲ, ಕದಿಯಲಿಲ್ಲ, ಸುಳ್ಳಾಡಲಿಲ್ಲ ಎಂಬ ಸಮಾಧಾನದಲ್ಲಿರುವ ಗೃಹಸ್ಥನು ಅರಿಯದೆ ಜಾರುವ ಸ್ಥಳವಿದು. ಇಂದು ಈ ಐದೂ ದೂರದರ್ಶನದ ಪೆಟ್ಟಿಗೆಯ ಮೂಲಕ ನಡುಮನೆಗೆ ಬಂದು ಕುಳಿತಿವೆ.

ಬೀದರ್, ಭಾಲ್ಕಿ, ಔರಾದ್‌ಗಳ ಶ್ರಾವಕ ಕುಟುಂಬಗಳಲ್ಲಿ ದೂರದರ್ಶನದ ಬಗ್ಗೆ ವಿವೇಚನೆಯೇ ಇಲ್ಲವೆಂದಲ್ಲ. ವಾರ್ತೆಯೆಂದರೆ ಜ್ಞಾನ, ಪೌರಾಣಿಕವೆಂದರೆ ಧರ್ಮ, ರಸಪ್ರಶ್ನೆಯೆಂದರೆ ವಿದ್ಯೆ, ಕಾರ್ಟೂನು ಮಕ್ಕಳ ವಿನೋದ; ಕೌಟುಂಬಿಕ ಧಾರಾವಾಹಿಯೊಂದೇ ಕಾಲಹರಣ ಎಂಬ ವಿಂಗಡಣೆ ರೂಢಿಯಲ್ಲಿದೆ. ಆದರೆ ಇದು ವಾಹಿನಿಗಳು ತಮ್ಮ ಸರಕಿಗೆ ಅಂಟಿಸಿಕೊಂಡ ಹಣೆಪಟ್ಟಿಗಳ ವಿಂಗಡಣೆಯೇ ಹೊರತು ಶ್ರಾವಕಾಚಾರದ ವಿಂಗಡಣೆಯಲ್ಲ. ಅಂಗಡಿಕಾರನ ತಕ್ಕಡಿಯಿಂದ ವ್ರತವನ್ನು ತೂಗುವುದು ಎಷ್ಟರಮಟ್ಟಿಗೆ ಸರಿ?

ಈ ಸೀಮೆಗೆ ದೂರದರ್ಶನ ಬಂದದ್ದು ಪಾಠಶಾಲೆಯ ರೂಪದಲ್ಲಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಶೈಕ್ಷಣಿಕ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳು ಸೇರಿದ್ದವು. ಕರ್ನಾಟಕದಿಂದ ಆಯ್ಕೆಯಾದವು ನೆರೆಯ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯಗಳ ತಿಳಿವಳಿಕೆ. ಇಡೀ ಊರಿಗೆ ಒಂದು ಪೆಟ್ಟಿಗೆ. ನೋಡುವ ಹೊತ್ತಿಗೂ ಮಿತಿಯಿತ್ತು. 1977ರಲ್ಲಿ ಗುಲ್ಬರ್ಗದಲ್ಲಿ ಕೇಂದ್ರ ಸ್ಥಾಪನೆಯಾದಾಗಲೂ ಉದ್ದೇಶ ಅದೇ ಆಗಿತ್ತು. 1984ರಲ್ಲಿ ಆರಂಭವಾದ ಹಿಂದಿಯ ‘ಹಮ್ ಲೋಗ್’ ಕೂಡ ಕುಟುಂಬ ಕಲ್ಯಾಣದ ಸಂದೇಶಕ್ಕಾಗಿ ಹುಟ್ಟಿದ ಧಾರಾವಾಹಿ. ಆದರೆ ಅದರ ಪ್ರಾಯೋಜಕರು ಮ್ಯಾಗಿ ನೂಡಲ್ಸ್‌ನವರು. ಅಲ್ಲಿಂದ ಮುಂದೆ ಕಾರ್ಯಕ್ರಮದ ಹಣ ಜಾಹೀರಾತುದಾರನ ಕೈಯಿಂದ ಬರತೊಡಗಿತು. 1994ರಲ್ಲಿ ಉದಯ ಟಿವಿಯೊಡನೆ ಕನ್ನಡಕ್ಕೆ ಖಾಸಗಿ ವಾಹಿನಿ ಬಂದ ಮೇಲೆ ಎಷ್ಟು ಜನ, ಎಷ್ಟು ಹೊತ್ತು ಕಣ್ಣು ನೆಟ್ಟು ಕುಳಿತರು ಎಂಬುದೇ ಗುಣದ ಅಳತೆಯಾಯಿತು. ವರ್ಗದ ಹೆಸರು ಯಾವುದಾದರೂ ಆಗಲಿ, ನೋಡುಗನನ್ನು ಏಳಗೊಡದಿರುವುದೇ ಎಲ್ಲ ವರ್ಗಗಳ ಏಕೈಕ ಗುರಿ.

ಈಗ ಆಚಾರ್ಯರ ಐದು ಭೇದಗಳಿಂದ ಪರೀಕ್ಷಿಸಬೇಕು. ದ್ವೇಷದಿಂದ ಪರರ ವಧ-ಬಂಧನಗಳನ್ನು ಮನಸ್ಸಿನಲ್ಲೇ ಚಿಂತಿಸುವುದು ಅಪಧ್ಯಾನ. ವಾರ್ತಾ ವಾಹಿನಿಯ ರಾತ್ರಿಯ ಚರ್ಚೆ ನೋಡುಗನಿಂದ ಬಯಸುವುದು ಇದನ್ನೇ ಅಲ್ಲವೆ? ಅಪರಾಧದ ವಿಧಾನವನ್ನು ಹೆಜ್ಜೆಹೆಜ್ಜೆಯಾಗಿ ಅಭಿನಯಿಸಿ ತೋರಿಸುವುದು ಆಯುಧವನ್ನು ಕೈಗಿತ್ತಂತೆ. ಅದು ಹಿಂಸಾದಾನದ ನೆರಳು. ಮಾಂಸದಡುಗೆಯನ್ನು ಬಾಯಲ್ಲಿ ನೀರೂರುವಂತೆ ಕಲಿಸುವುದು ಪಾಪೋಪದೇಶ. ಪರಿಗ್ರಹ, ದ್ವೇಷ, ರಾಗ, ಮದ, ಕಾಮಗಳಿಂದ ಚಿತ್ತವನ್ನು ಕಲಕುವ ಮಾತನ್ನು ಕೇಳುವುದು ದುಃಶ್ರುತಿ. 2013ರಲ್ಲಿ ಕನ್ನಡಕ್ಕೆ ಬಂದ ‘ಬಿಗ್ ಬಾಸ್’ ಮಾದರಿಯಲ್ಲಿ ಪರರ ಜಗಳವೇ ಸರಕು, ಜಾಹೀರಾತಿನಲ್ಲಿ ಪರಿಗ್ರಹವೇ ಬೋಧನೆ. ಇನ್ನು ಗುರಿಯಿಲ್ಲದೆ ಅಲೆಯುವುದು ಪ್ರಮಾದಚರ್ಯೆ. ರಿಮೋಟ್ ಹಿಡಿದು ವಾಹಿನಿಯಿಂದ ವಾಹಿನಿಗೆ ಅಲೆಯುವವನು ಕುಳಿತಲ್ಲೇ ಅದನ್ನು ಆಚರಿಸುತ್ತಿದ್ದಾನೆ. ಇದೇ ಪರೀಕ್ಷೆಯಲ್ಲಿ ಬೇಸಾಯದ ಕಾರ್ಯಕ್ರಮ, ಆರೋಗ್ಯದ ಮಾತು, ಚೀರಾಟವಿಲ್ಲದ ವಾರ್ತೆ, ಸಜ್ಜನಿಕೆಯ ಕಥೆ ಗೆದ್ದು ಬರುತ್ತವೆ. 1986ರ ಸುಮಾರಿಗೆ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯೇ ಆಗಿತ್ತು. ಅದು ಯಾರ ಕಷಾಯವನ್ನೂ ಕೆರಳಿಸಲಿಲ್ಲ. ಆದುದರಿಂದ ದೋಷವಿರುವುದು ವರ್ಗದಲ್ಲಲ್ಲ, ಅದು ಎಬ್ಬಿಸುವ ಕಷಾಯದಲ್ಲಿ.

ಪೌರಾಣಿಕವಾದರೂ ನಿರ್ದೋಷವಲ್ಲವೆ ಎಂದು ಕೇಳುವವರುಂಟು. 1987ರಲ್ಲಿ ರಾಮಾಯಣ ಆರಂಭವಾದಾಗ ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದವು, ಪೆಟ್ಟಿಗೆಗೆ ಹಾರ ಹಾಕಿದವರೂ ಇದ್ದರು. ಭಕ್ತಿ ಸತ್ಯವೇ ಇರಬಹುದು. ಆದರೆ ಯುದ್ಧವನ್ನು ವಾರಗಟ್ಟಲೆ ಹಿಗ್ಗಿಸಿ, ಶತ್ರುವಿನ ತಲೆ ಉರುಳಿದಾಗ ಮಗುವನ್ನು ಚಪ್ಪಾಳೆ ತಟ್ಟಿಸುವ ದೃಶ್ಯವು ಪುರಾಣದ ಹೆಸರಿನಿಂದ ಅಹಿಂಸೆಯಾಗುವುದಿಲ್ಲ. ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದುದನ್ನು ಈ ಜಿಲ್ಲೆ ಕೃತಜ್ಞತೆಯಿಂದ ನೆನೆಯುತ್ತದೆ. ಫಲಕವೊಂದು, ಒಳಗಿರುವುದು ಇನ್ನೊಂದು ಎಂಬುದನ್ನು ಈ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅಂದು ಫಲಕದ ಹಿಂದೆ ವಿದ್ಯೆಯಿತ್ತು; ಇಂದು ‘ಧಾರ್ಮಿಕ’ ಎಂಬ ಫಲಕದ ಹಿಂದೆ ಸಾಬೂನಿನ ವ್ಯಾಪಾರವಿದೆ.

ಕಳವಳಕ್ಕೆ ನಿಜವಾದ ಕಾರಣ ಇನ್ನೊಂದಿದೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಿಯಮ ಜೀವದಯೆಗಾಗಿ ಬಂದದ್ದು. ಆದರೆ ಅದರಿಂದ ಶ್ರಾವಕನಿಗೆ ಮತ್ತೊಂದು ಸಂಪತ್ತೂ ದೊರೆಯಿತು. ಅದು ಬಿಡುವಾದ ಸಂಜೆ. ಆರತಿ, ಸ್ವಾಧ್ಯಾಯ, ಸಾಮಾಯಿಕ, ಹಿರಿಯರ ಬಾಯಿಂದ ಮಕ್ಕಳಿಗೆ ತೀರ್ಥಂಕರರ ಚರಿತ್ರೆ, ಇವೆಲ್ಲ ನಡೆಯುತ್ತಿದ್ದುದು ಆ ಹೊತ್ತಿನಲ್ಲಿ. ವಾಹಿನಿಗಳು ತಮ್ಮ ಅತಿ ಬೆಲೆಬಾಳುವ ಕಾಲವೆಂದು ಮಾರುವುದೂ ಅದೇ ಹೊತ್ತನ್ನು. ಕನ್ನಡ, ಮರಾಠಿ, ಉರ್ದು, ಹಿಂದಿ, ತೆಲುಗು ಎಲ್ಲವೂ ಅರ್ಥವಾಗುವ ಈ ಗಡಿನಾಡಿನಲ್ಲಿ ಒಂದು ಭಾಷೆಯ ಧಾರಾವಾಹಿ ಮುಗಿದರೆ ಇನ್ನೊಂದರದು ಆರಂಭ. ಊಟದ ವ್ರತ ಉಳಿಯಿತು, ಆ ವ್ರತ ಕೊಟ್ಟ ಸಂಜೆ ಹೋಯಿತು.

ಬಸದಿಗಳ ವಿಶ್ವಸ್ತ ಮಂಡಳಿಗಳೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಪಂಚಕಲ್ಯಾಣದ ನೇರ ಪ್ರಸಾರ ವೃದ್ಧರಿಗೆ, ರೋಗಿಗಳಿಗೆ ಉಪಕಾರಿ. ಆದರೆ ಕ್ಯಾಮೆರಾ ಜಿನಬಿಂಬವನ್ನು ಬಿಟ್ಟು ಕಲಶದ ಸವಾಲು ಹಿಡಿದವರ ಮುಖದ ಮೇಲೆಯೇ ನಿಂತರೆ, ಅದೂ ಮದವನ್ನು ಬೆಳೆಸುವ ಮತ್ತೊಂದು ಕಾರ್ಯಕ್ರಮವೇ ಸರಿ.

ಪೆಟ್ಟಿಗೆಯನ್ನು ಒಡೆದುಹಾಕಬೇಕಿಲ್ಲ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಅನ್ನ-ವಸ್ತ್ರಗಳಿಗೆ ಮಿತಿ ಹಾಕುವವರು ಕಣ್ಣು-ಕಿವಿಗಳ ಭೋಗಕ್ಕೂ ಮಿತಿ ಹಾಕಲಿ. ಸಂಜೆಯ ಊಟದ ನಂತರ ಒಂದು ಮುಹೂರ್ತ, ಅಂದರೆ 48 ನಿಮಿಷ, ಪ್ರತಿ ಮನೆಯಲ್ಲಿಯೂ ಪೆಟ್ಟಿಗೆ ಮೌನವಾಗಿರಲಿ. ಬೀದರ್, ಭಾಲ್ಕಿ, ಔರಾದ್‌ಗಳ ಮಂಡಳಿಗಳು ಬರುವ ಚಾತುರ್ಮಾಸದಲ್ಲಿ ಈ ನಿಯಮವನ್ನು ಸಂಕಲ್ಪಪೂರ್ವಕ ಕೊಡಿಸಲಿ. ಆ 48 ನಿಮಿಷಗಳೂ ತನ್ನವಲ್ಲವೆನ್ನುವ ಶ್ರಾವಕನು ಉಳಿದ ಯಾವ ವ್ರತವನ್ನು ತನ್ನದೆಂದು ಹೇಳಿಕೊಂಡಾನು?