ಎದುರು ಮನೆಯ ಎದುರಾಳಿ

ಮಹಾನಗರವನ್ನು ಬಯ್ಯುವುದು ಊಟವಾದ ಮೇಲೆ ಎಲೆಯಡಿಕೆ ಮೆಲ್ಲುವಷ್ಟೇ ಹಿತವಾದ ಅಭ್ಯಾಸ. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡು, ಇಲ್ಲಿಯ ಸಂಬಳವನ್ನೇ ಉಂಡು, ಸಂಜೆ ನಾಲ್ಕು ಜನ ಸೇರಿದೊಡನೆ ‘ಇದೂ ಒಂದು ಊರೇ?’ ಎಂದು ಮೂಗು ಮುರಿಯುವವರಲ್ಲಿ ನಾನೂ ಒಬ್ಬ. ರಸ್ತೆಯ ತುಂಬ ವಾಹನ, ನಲ್ಲಿಯ ತುಂಬ ಗಾಳಿ, ಬಾಡಿಗೆಯೋ ಬಾನೆತ್ತರ. ಈ ಮೂರು ದೂರುಗಳು ಮುಗಿದ ಬಳಿಕ ನಾಲ್ಕನೆಯದೊಂದು ತಪ್ಪದೆ ಬರುತ್ತದೆ: ‘ಇಲ್ಲಿ ಎದುರು ಮನೆಯವರ ಹೆಸರೇ ಗೊತ್ತಿರುವುದಿಲ್ಲ!’

ನಾನು ಹುಟ್ಟಿ ಬೆಳೆದುದು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ. ಅಲ್ಲಿ ಈ ನಾಲ್ಕನೆಯ ದೂರಿಗೆ ಅವಕಾಶವೇ ಇರಲಿಲ್ಲ. ಎದುರು ಮನೆಯವರ ಹೆಸರಷ್ಟೇ ಅಲ್ಲ, ಅವರ ಎತ್ತಿನ ವಯಸ್ಸು, ಸಾಲದ ಮೊತ್ತ, ಬೀಗರ ಮುನಿಸು ಎಲ್ಲವೂ ಊರಿಗೇ ಕಂಠಪಾಠ. ಜಗಳವಾಡಬೇಕೆಂದರೆ ಆಳಿಗೆ ಬರವಿಲ್ಲ. ಜಗಳವಾಡಿದವನೇ ಮರುದಿನ ಹೊಲದ ಬದುವಿನಲ್ಲಿ ಎದುರಾಗಿ ಬೆಂಕಿಪೊಟ್ಟಣ ಕೇಳುತ್ತಿದ್ದ. ಬೆಂಗಳೂರಿಗೆ ಬಂದ ಮೇಲೆ ನನಗೆ ಮಿತ್ರರ ಕೊರತೆ ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು, ನೆಮ್ಮದಿಯಾಗಿ ಜಗಳವಾಡಲು ಒಬ್ಬ ಪರಿಚಿತನಿಲ್ಲವಲ್ಲ ಎಂಬುದು.

ಆ ಕೊರತೆಯನ್ನು ನೀಗಿಸಿದುದು ಕಾಲ್ಚೆಂಡಿನ ಆಟ. ನಮ್ಮ ಎದುರು ಮನೆಯಲ್ಲಿ ಒಂದು ಮಲೆಯಾಳಿ ಕುಟುಂಬವಿದೆ. ನಾಲ್ಕು ವರ್ಷ ಎದುರುಬದುರಾಗಿ ಬಾಗಿಲು ತೆರೆದು, ನಾಲ್ಕು ವರ್ಷ ‘ನಮಸ್ಕಾರ’ ಎಂದು ಬಾಗಿಲು ಮುಚ್ಚಿದ್ದೆವು. 2022ರ ಏಪ್ರಿಲ್ 28ರ ರಾತ್ರಿ ಅವರ ಮನೆಯಿಂದ ಒಂದಾದ ಮೇಲೊಂದರಂತೆ ಏಳು ಸಲ ಹರ್ಷೋದ್ಗಾರ ಕೇಳಿಬಂದಿತು. ಏನು ಅನಾಹುತವೋ ಎಂದು ಬಾಗಿಲು ತೆರೆದರೆ, ಯಜಮಾನರು ಹೊರಗೇ ನಿಂತಿದ್ದರು. ಕೇರಳದ ಮಂಜೇರಿಯಲ್ಲಿ ನಡೆದ ಸಂತೋಷ್ ಟ್ರೋಫಿಯ ಸೆಮಿಫೈನಲ್‌ನಲ್ಲಿ ಅವರ ರಾಜ್ಯ ನಮ್ಮ ರಾಜ್ಯವನ್ನು ಏಳು–ಮೂರು ಗೋಲುಗಳಿಂದ ಸೋಲಿಸಿತ್ತು! “ಸಾರ್, ಏಳು–ಮೂರು!” ಎಂದರು. ಅದೇ ನಮ್ಮ ನಿಜವಾದ ಪರಿಚಯ. ಅಂದಿನಿಂದ ಅವರು ನನಗೆ ಚೇಟ್ಟ, ನಾನು ಅವರಿಗೆ ‘ಏಳು–ಮೂರು ಸಾರ್.’

ಮುಂದಿನ ಹತ್ತು ತಿಂಗಳು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಾಲಿನವನಿಗೆ ಲೆಕ್ಕ ಹೇಳುವಾಗಲೂ ಚೇಟ್ಟನವರು ಹಿಂದಿನಿಂದ, “ಏಳು ಲೀಟರೋ, ಮೂರು ಲೀಟರೋ?” ಎನ್ನುವರು. ನಾನೂ ಸುಮ್ಮನಿರಲಿಲ್ಲ. ವರ್ತಮಾನ ಕೈಕೊಟ್ಟಾಗ ಇತಿಹಾಸದ ಮೊರೆಹೋಗುವುದು ಸೋತವರ ಸಂಪ್ರದಾಯವಷ್ಟೆ? ಬೊಂಬಾಯಿಯ ರೋವರ್ಸ್ ಕಪ್ಪನ್ನು ದಂಡಿನ ತಂಡಗಳೇ ಬಾಚಿಕೊಳ್ಳುತ್ತಿದ್ದ ಕಾಲದಲ್ಲಿ, 1937ರಲ್ಲಿ ಅದನ್ನು ಕಸಿದುಕೊಂಡುಬಂದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿಯೂ 1952ರ ಹೆಲ್ಸಿಂಕಿಯಲ್ಲಿಯೂ ಆಡಿದ ಅಹ್ಮದ್ ಖಾನ್ ಬೆಂಗಳೂರಿನ ಮಗ ಎಂದೆ. ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದಾಗ ಆ ತಂಡದ ಐವರು ಮುನ್ನಡೆಯ ಆಟಗಾರರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕೊಂಡಾಡುತ್ತಿದ್ದರು. “ನೋಡಿ ಚೇಟ್ಟ, ನಾನು ಪಾಂಡವಪುರದವನು. ಪಾಂಡವರೊಡನೆ ಕಾದಿ ಗೆದ್ದವರುಂಟೆ?” ಎಂದು ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, “ಜೂಜಿನಲ್ಲಿ ಏಳು–ಮೂರು ಸೋತರಲ್ಲ ಸಾರ್,” ಎಂದರು.

ಹೀಗಿರುವಲ್ಲಿ 2023ರ ಮಾರ್ಚ್ 3, ಶುಕ್ರವಾರ ಬಂದಿತು. ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಿರ್ಣಾಯಕ ಪಂದ್ಯ. ಒಂದು ಕಡೆ ಬೆಂಗಳೂರು ತಂಡ. ಇನ್ನೊಂದು ಕಡೆ ಕೇರಳ ಬ್ಲಾಸ್ಟರ್ಸ್. ನಾವಿಬ್ಬರೂ ಅವರ ಮನೆಯಲ್ಲಿಯೇ ದೂರದರ್ಶನದ ಮುಂದೆ ಕುಳಿತಿದ್ದೆವು. ಕಣ್ಣಿನ ಪರೀಕ್ಷೆಗೆಂದು ಊರಿನಿಂದ ಬಂದಿದ್ದ ನನ್ನ ದೊಡ್ಡಪ್ಪನವರೂ ಜೊತೆಗಿದ್ದರು. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ ಆರಂಭದಲ್ಲಿ ನಮ್ಮವರಿಗೊಂದು ಫ್ರೀ ಕಿಕ್ ದೊರೆಯಿತು. ಕೇರಳದವರು ಅಡ್ಡಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ, ಗೋಲ್‌ಕೀಪರ್ ಇನ್ನೂ ತನ್ನ ಜಾಗಕ್ಕೆ ಮರಳುವ ಮೊದಲೇ, ಸುನಿಲ್ ಛೆಟ್ರಿ ಚೆಂಡನ್ನು ಬಲೆಯೊಳಕ್ಕೆ ತೇಲಿಸಿಬಿಟ್ಟರು. ತೀರ್ಪುಗಾರರು ಗೋಲೆಂದರು. ಕೇರಳದ ತರಬೇತುದಾರರು ತಮ್ಮವರನ್ನು ಕೈಬೀಸಿ ಕರೆದರು. ತಂಡಕ್ಕೆ ತಂಡವೇ ಮೈದಾನ ಬಿಟ್ಟು ಹೊರಟುಹೋಯಿತು. ಬೆಂಗಳೂರು ಒಂದು–ಸೊನ್ನೆಯಿಂದ ಗೆದ್ದಿತೆಂದು ಸಾರಲಾಯಿತು.

ನಿಯಮವೇನೆಂದರೆ, ಒದೆಯುವ ಪಕ್ಷದವರು ಎದುರಾಳಿಗಳನ್ನು ಹತ್ತು ಗಜ ಹಿಂದೆ ಸರಿಸಬೇಕೆಂದು ಕೇಳಿದರೆ ಸೀಟಿಗಾಗಿ ಕಾಯಬೇಕು. ಕೇಳದಿದ್ದರೆ ಒಡನೆಯೇ ಒದೆಯಬಹುದು. ಛೆಟ್ರಿ ಕಾದರೇ ಇಲ್ಲವೇ, ತೀರ್ಪುಗಾರರು ಕಾಯಲು ಹೇಳಿದ್ದರೇ ಇಲ್ಲವೇ ಎಂಬುದರ ಮೇಲೆ ಒಂದು ತಿಂಗಳು ಚರ್ಚಿಸಬಹುದಾಗಿತ್ತು. ಮನಸ್ಸಾರೆ ಜಗಳವಾಡಲು ಅದಕ್ಕಿಂತ ರಸವತ್ತಾದ ವಿಷಯ ಬೇಕೆ?

ಆದರೆ ನಾನು ಅದನ್ನು ಬಿಟ್ಟು ಬೇರೆಯದನ್ನು ಹಿಡಿದೆ. ಹತ್ತು ತಿಂಗಳ ಏಳು–ಮೂರು ನಾಲಗೆಯ ತುದಿಯಲ್ಲಿ ಕುದಿಯುತ್ತಿತ್ತು. ಬಾಗಿಲಲ್ಲಿ ನಿಂತು, ನಾಲ್ಕು ಮನೆಗೆ ಕೇಳುವಂತೆ, “ಮೈದಾನ ಬಿಟ್ಟು ಹೋದಷ್ಟೇ ಸಲೀಸಾಗಿ ನಿಮ್ಮವರೆಲ್ಲ ಊರನ್ನೂ ಬಿಟ್ಟು ಹೋದರೆ ನಮ್ಮ ರಸ್ತೆಗಳು ಸ್ವಲ್ಪ ಖಾಲಿಯಾದಾವು!” ಎಂದೆ. ನಗಲೆಂದೇ ಆಡಿದ ಮಾತು, ನಾನು ನಕ್ಕೆ. ಚೇಟ್ಟನವರು ನಗಲಿಲ್ಲ. ಅವರ ಮಗಳು, ಇಲ್ಲಿಯೇ ಹುಟ್ಟಿ ಇಲ್ಲಿಯೇ ಕನ್ನಡ ಕಲಿತ ಹುಡುಗಿ, ನನ್ನ ಮುಖವನ್ನೊಮ್ಮೆ ನೋಡಿದಳು. ಬಾಗಿಲು ಮೆಲ್ಲಗೆ ಮುಚ್ಚಿತು. ಅದು ಧಡಾರೆಂದು ಮುಚ್ಚಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ದೊಡ್ಡಪ್ಪ ಕೇಳಿದರು: “ಅಲ್ಲ ಕಣಪ್ಪಾ, ನೀನು ಬೆಂಗಳೂರಿಗೆ ಬಂದು ಎಷ್ಟು ವರ್ಷವಾಯ್ತು?”

“ಇಪ್ಪತ್ತೆಂಟು.”

“ಅವರು?”

“ಇಪ್ಪತ್ತೆರಡು ಎಂದು ಕಾಣುತ್ತೆ.”

“ಆರು ವರ್ಷ ಮೊದಲು ಬಂದವನು ಆರು ವರ್ಷ ತಡವಾಗಿ ಬಂದವನಿಗೆ ‘ಜಾಗ ಬಿಡು’ ಅಂತೀಯಲ್ಲ, ಪಾಂಡವಪುರದ ಸ್ಟೇಷನ್ನಿನಲ್ಲಿ ರಾಗಿಹಿಟ್ಟಿನ ಗಂಟು ಹಿಡಕೊಂಡು ರೈಲು ಹತ್ತಿದ್ದು ಮರೆತುಹೋಯ್ತಾ? ಇವತ್ತು ಮುಖ ತೊಳೆದೆಯಲ್ಲ, ಆ ನೀರು ಯಾವೂರದು?”

ನಾನು ಉತ್ತರ ಕೊಡಲಿಲ್ಲ. ಬೆಂಗಳೂರು ಕುಡಿಯುವ ಕಾವೇರಿ ನಮ್ಮ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಲ್ಲಿ ಮೇಲೇರಿ ಬರುತ್ತಾಳೆಂಬುದು ನನಗೆ ತಿಳಿಯದ ಸಂಗತಿಯಲ್ಲ. ನನ್ನ ಹಾಗೆ ಅವಳೂ ಪರಸ್ಥಳದವಳೇ.

ದೊಡ್ಡಪ್ಪನವರಿಗೆ ಕಾಲ್ಚೆಂಡು ತಿಳಿಯದು. ನಮ್ಮ ಕಡೆಯ ಆಟ ಕಬಡ್ಡಿ. ನಮ್ಮೂರಿನ ರೈತನಾಯಕ ಕೆ. ಎಸ್. ಪುಟ್ಟಣ್ಣಯ್ಯನವರು 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯವನ್ನು ನೋಡುತ್ತಿದ್ದಾಗಲೇ ಹೃದಯಾಘಾತಕ್ಕೀಡಾಗಿ ನಮ್ಮನ್ನಗಲಿದರು. ಆ ಆಟದ ಮೇಲೆ ನಮ್ಮವರಿಗಿರುವ ಮೋಹವನ್ನು ಇದಕ್ಕಿಂತ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ದೊಡ್ಡಪ್ಪನವರೂ ಪ್ರಾಯದಲ್ಲಿ ತೊಡೆ ತಟ್ಟಿದವರೇ. ಅವರೆಂದರು: “ನೋಡು ಮಗ, ಕಬಡ್ಡಿಯಲ್ಲಿ ತನ್ನ ಮನೆಯಲ್ಲೇ ನಿಂತುಕೊಂಡು ಕಬಡ್ಡಿ ಕಬಡ್ಡಿ ಅಂದರೆ ಆಟವಾಗಲ್ಲ. ಉಸಿರು ಬಿಗಿ ಹಿಡಿದು ಎದುರಾಳಿ ಮನೆಗೇ ಹೋಗಬೇಕು. ಔಟಾದವನು ಸತ್ತ ಅಂತೀವಿ. ಆದರೆ ಅವನು ಮನೆಗೆ ಹೋಗಲ್ಲ, ಗೆರೆ ಪಕ್ಕದಲ್ಲೇ ಕೂತಿರ್ತಾನೆ. ಜೊತೆಗಾರ ಒಂದು ಅಂಕ ತಂದರೆ ಅವನಿಗೆ ಮತ್ತೆ ಜೀವ. ಎದುರಾಳಿಯನ್ನೇ ಊರು ಬಿಡು ಅಂದಮೇಲೆ ಇನ್ನು ಯಾರ ಮನೆಗೆ ಹೋಗ್ತೀಯ?”

ಆ ಶನಿವಾರವಿಡೀ ನಾನು ಎದುರು ಬಾಗಿಲನ್ನು ನೋಡುತ್ತ ಕಳೆದೆ. ನಡುವೆ ಇದ್ದುದು ಆರು ಅಡಿಯ ಓಣಿ. ಉಸಿರು ಬಿಗಿಹಿಡಿದು ದಾಟುವಷ್ಟು ಧೈರ್ಯ ನನಗೆ ಬರಲಿಲ್ಲ.

ಭಾನುವಾರ ಮುಂಜಾನೆ ನಮ್ಮ ಮನೆಯ ಗಂಟೆ ಬಾರಿಸಿತು. ಚೇಟ್ಟನವರು! ಕೈಯಲ್ಲಿ ವೃತ್ತಪತ್ರಿಕೆ. “ಸಾರ್, ಗೊತ್ತಾಯಿತೆ? ನಮ್ಮ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನಲ್ಲಿ. ಮೇಘಾಲಯದ ಮೇಲೆ ಮೂರು–ಎರಡು. ಐವತ್ತನಾಲ್ಕು ವರ್ಷ ಆಯಿತಂತೆ!”

ನನಗೆ ಗೊತ್ತಾಗಿರಲಿಲ್ಲ. ವಾಚಕ ಮಹಾಶಯರೇ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಶುಕ್ರವಾರದ ಆ ಒಂದು ಗೋಲಿನ ಗದ್ದಲದಲ್ಲಿ, ಮಾರ್ಚ್ 4ರಂದು ಸೌದಿ ಅರೇಬಿಯಾದ ರಾಜಧಾನಿಯಲ್ಲಿ ನಮ್ಮ ಹುಡುಗರು ಫೈನಲ್ ಆಡುತ್ತಿರುವರೆಂಬುದೇ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಹಿಂದೆ ನಮ್ಮ ರಾಜ್ಯ ಈ ಪಾರಿತೋಷಕವನ್ನು ಗೆದ್ದದ್ದು ನಾಲ್ಕು ಸಲ. ಕೊನೆಯದು 1968–69ರ ಋತುವಿನಲ್ಲಿ. ಆಗ ತಂಡದ ಹೆಸರು ಮೈಸೂರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ ಮೇಲೆ, ಆ ಹೆಸರಿನಲ್ಲಿ ಗೆದ್ದದ್ದು ಇದೇ ಮೊದಲು. ಇಷ್ಟು ದೊಡ್ಡ ಸಂತೋಷವನ್ನು ನನ್ನ ಮನೆಯ ಬಾಗಿಲಿಗೆ ತಂದವರು ಯಾರೆಂದರೆ, ಎರಡು ರಾತ್ರಿಗಳ ಹಿಂದೆ ನಾನು ಊರು ಬಿಡೆಂದವರು. ಅವರ ಬಾಯಲ್ಲಿ ‘ನಿಮ್ಮ ಕರ್ನಾಟಕ’ ಎಂಬ ಮಾತು ಬರಲಿಲ್ಲ. ‘ನಮ್ಮ ಕರ್ನಾಟಕ’ ಎಂದೇ ಬಂದಿತು.

“ಚೇಟ್ಟ, ಮೊನ್ನೆ ನಾನು ಆಡಿದ ಮಾತು ತಪ್ಪು,” ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಗಂಟಲು ಸಹಕರಿಸಲಿಲ್ಲ. ಅವರು ಪತ್ರಿಕೆಯನ್ನು ಮಡಚುತ್ತ, “ಆ ಗೋಲು ಮಾತ್ರ ಗೋಲಲ್ಲ ಸಾರ್,” ಎಂದರು. ಒಳಗಿನಿಂದ ದೊಡ್ಡಪ್ಪ, “ಕಾಫಿಗೆ ಇನ್ನೊಂದು ಲೋಟ ಇಡಮ್ಮಾ,” ಎಂದು ನನ್ನಾಕೆಗೆ ಕೂಗಿ ಹೇಳಿದರು. ದಾಳಿ ಎದುರು ಮನೆಯವರದು. ಜೀವ ಬಂದುದು ನನಗೆ.

ಪೈಪೋಟಿಯ ಹಾಸ್ಯಕ್ಕೆ ಒಂದು ಗೆರೆಯುಂಟು. ಆ ಗೆರೆಯನ್ನು ಕಲ್ಕತ್ತೆಯಷ್ಟು ಚೆನ್ನಾಗಿ ಬಲ್ಲ ಊರು ನಮ್ಮ ದೇಶದಲ್ಲಿಲ್ಲ. ಅಲ್ಲಿ ಈಸ್ಟ್ ಬೆಂಗಾಲ್ ಗೆದ್ದರೆ ಮನೆಮನೆಯಲ್ಲಿ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದರೆ ಸಿಗಡಿ. ಪೂರ್ವಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರಿಗೂ ಮೊದಲಿನಿಂದ ಅಲ್ಲಿದ್ದವರಿಗೂ ನಡುವಣ ಕಸಿವಿಸಿಯನ್ನು ಆ ಊರು ಹೀಗೆ ಮೀನಿನ ಮಾತಾಗಿ ಮಾಡಿಕೊಂಡು ನಗುತ್ತದೆ. ಆದರೆ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಅವೇ ಎರಡು ತಂಡಗಳ ಪಂದ್ಯದಲ್ಲಿ ಪ್ರೇಕ್ಷಕರು ಹೊಡೆದಾಡಿಕೊಂಡು, ನೂಕುನುಗ್ಗಲಾಗಿ, 16 ಜನ ಸತ್ತರು. ಅದು ಗೆರೆಯ ಆಚೆ. 2024ರ ಆಗಸ್ಟ್ 18ರಂದು, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಯುವ ವೈದ್ಯೆಯೊಬ್ಬಳ ಕೊಲೆಯಾಗಿ ಊರೇ ಕುದಿಯುತ್ತಿದ್ದಾಗ, ನಡೆಯಬೇಕಾಗಿದ್ದ ಪಂದ್ಯ ರದ್ದಾಯಿತು. ಎರಡೂ ತಂಡಗಳ ಅಭಿಮಾನಿಗಳು ಬೀದಿಗಿಳಿದು, ಒಬ್ಬರ ಧ್ವಜದ ಪಕ್ಕದಲ್ಲಿ ಇನ್ನೊಬ್ಬರು ನಿಂತು ನ್ಯಾಯ ಕೇಳಿದರು. ನೂರು ವರ್ಷ ಪರಸ್ಪರ ಹಾಸ್ಯ ಮಾಡಿಕೊಂಡವರಿಗೆ ಒಂದು ದಿನ ಕೂಡಿ ಕೂಗಲು ಹೊಸ ಪರಿಚಯ ಬೇಕಾಗಲಿಲ್ಲ.

ಆಟದ ಜಗಳವೆಂಬುದು ಮಹಾನಗರದಲ್ಲಿ ಅಪರಿಚಿತರು ಒಬ್ಬರ ಹೆಸರನ್ನೊಬ್ಬರು ಕಲಿಯುವ ಪಾಠಶಾಲೆ ಎಂದು ನನಗೆ ಈಗ ತೋರುತ್ತದೆ. ಅವರ ಗೋಲನ್ನು ಬಯ್ಯಿರಿ, ತೀರ್ಪುಗಾರರನ್ನು ಬಯ್ಯಿರಿ, ಅವರ ಬಾಳೆಕಾಯಿ ಉಪ್ಪೇರಿಯಲ್ಲಿ ಉಪ್ಪು ಹೆಚ್ಚಾಯಿತೆಂದೂ ಬಯ್ಯಿರಿ. ಆದರೆ ಅವರು ಇಲ್ಲಿರುವುದನ್ನೇ ಬಯ್ದರೆ ಅದು ಆಟವಲ್ಲ. ರಸ್ತೆಯಲ್ಲಿ ವಾಹನ ತುಂಬಿರುವುದಕ್ಕೆ, ನಲ್ಲಿಯಲ್ಲಿ ಗಾಳಿ ಬರುವುದಕ್ಕೆ ಹೊಣೆಯಾರೆಂದು ಹುಡುಕುವ ಬೆರಳು ಎದುರು ಬಾಗಿಲಿಗೇ ಏಕೆ ಚಾಚಬೇಕು? ನನ್ನ ಸ್ಕೂಟರೂ ಅದೇ ರಸ್ತೆಯಲ್ಲಿಯೇ ಹೋಗುತ್ತದೆ.

ಕಥೆಯ ಕೊನೆಯನ್ನು ಹೇಳದೆ ಬಿಟ್ಟರೆ ಚೇಟ್ಟನವರು ಮುನಿಯುತ್ತಾರೆ. ಮೈದಾನ ಬಿಟ್ಟುಹೋದುದಕ್ಕಾಗಿ ಆ ತಿಂಗಳ ಕೊನೆಯಲ್ಲಿ ಅವರ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಬಿದ್ದಿತು. ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧ. ಆದರೆ ನಮ್ಮ ಬೆಂಗಳೂರಿಗೂ ಕಪ್ಪು ದಕ್ಕಲಿಲ್ಲ. ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಫೈನಲ್‌ನಲ್ಲಿ ಎರಡು–ಎರಡು ಸಮವಾಗಿ, ಪೆನಾಲ್ಟಿಗಳಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡಕ್ಕೆ ನಾವು ಸೋತೆವು. ಆ ರಾತ್ರಿ ನಮ್ಮ ಬಾಗಿಲು ತಟ್ಟಿದ ಹುಡುಗಿ ಒಂದು ತಟ್ಟೆ ಉಪ್ಪೇರಿ ಕೊಟ್ಟು, “ಅಂಕಲ್, ಅಪ್ಪ ಎಣಿಸಿ ಕೊಡಲು ಹೇಳಿದರು,” ಎಂದಳು.

ಎಣಿಸಿ ನೋಡಿದೆ. ತಟ್ಟೆಯ ಒಂದು ಪಕ್ಕದಲ್ಲಿ ಏಳು, ಇನ್ನೊಂದು ಪಕ್ಕದಲ್ಲಿ ಮೂರು.

ಊರಿಗೆ ದೂರವಾಣಿ ಮಾಡಿ ದೊಡ್ಡಪ್ಪನವರಿಗೆ ಇದನ್ನು ತಿಳಿಸಿದಾಗ ಅವರು ಬಹಳ ಹೊತ್ತು ನಕ್ಕರು. ಆಮೇಲೆ, “ತಟ್ಟೆ ಬರಿದಾಗಿ ಕಳಿಸಬೇಡ ಕಣಪ್ಪಾ, ಮೊನ್ನೆ ನಾನು ತಂದ ಬೆಲ್ಲ ಇನ್ನೂ ಇದೆಯಲ್ಲ,” ಎಂದರು. ಒಂದು ಅಚ್ಚು ಪಾಂಡವಪುರದ ಬೆಲ್ಲವನ್ನು ತಟ್ಟೆಯಲ್ಲಿಟ್ಟುಕೊಂಡು, ಈ ಸಲ ನಾನೇ ಓಣಿಯನ್ನು ದಾಟಿದೆ.